ಹನ್ನೊಂದು ಹೊತ್ತಿನ ಮುಯ್ಯಿ

‘ಎಮ್ಮೆ ಕರೆಯುವವರು ಯಾರು?’

ಸಿಂಗಪುರಕ್ಕೆ ಹೋಗಿಬರೋಣವೆಂದು ನನ್ನ ಮಗಳು ಬೆಂಗಳೂರಿನಿಂದ ಫೋನ್ ಮಾಡಿ ಹೇಳಿದಾಗ ಚಂದ್ರಗುತ್ತಿಯಲ್ಲಿರುವ ನನ್ನ ಅಣ್ಣ ಕೇಳಿದ ಮೊದಲ ಪ್ರಶ್ನೆ ಇದು. ಖರ್ಚು ಎಷ್ಟೆಂದು ಅವನು ಕೇಳಲಿಲ್ಲ, ವಿಮಾನದಲ್ಲಿ ಎಷ್ಟು ಹೊತ್ತು ಕೂರಬೇಕೆಂದೂ ಕೇಳಲಿಲ್ಲ. ಮಗಳು ನಕ್ಕಳು. ನಾನೂ ನಕ್ಕೆ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಡತಗಳ ನಡುವೆ ಕಳೆದು ನಿವೃತ್ತನಾದ, ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನನ್ನಂಥವನಿಗೂ ಅದಕ್ಕೆ ಉತ್ತರ ಹೊಳೆಯಲಿಲ್ಲ.

ಮಗಳು ಈ ಪ್ರವಾಸಕ್ಕೆ ಇಟ್ಟ ಹೆಸರು ‘ಸಿಟಿ ಬ್ರೇಕ್’. ಪವರ್ ಟಿಲ್ಲರಿನ ಬ್ರೇಕ್ ಒಂದನ್ನೇ ಬಲ್ಲ ಅಣ್ಣನಿಗೆ ಇದು ತಮಾಷೆಯಾಗಿ ಕಂಡಿತು. ಗುರುವಾರ ರಾತ್ರಿ ಹೊರಟು, ಶುಕ್ರ, ಶನಿ, ಭಾನು ಮೂರು ಹಗಲು ಅಲ್ಲಿದ್ದು, ಭಾನುವಾರ ರಾತ್ರಿಯ ವಿಮಾನಕ್ಕೆ ಹಿಂದಿರುಗುವುದು. ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ಅವಳು ಇದಕ್ಕೆ ಹಾಕಬೇಕಾಗಿದ್ದುದು ಒಂದೇ ದಿನದ ರಜೆ. ಅದೇ ಪ್ರವಾಸ ಚಂದ್ರಗುತ್ತಿಯ ಲೆಕ್ಕದಲ್ಲಿ ಬೇರೆಯೇ ಆಯಿತು. ಬುಧವಾರ ರಾತ್ರಿ ಸೊರಬದಲ್ಲಿ ಬಸ್ಸು ಹಿಡಿಯಬೇಕು, ಮರಳಿ ಊರು ಸೇರುವುದು ಮಂಗಳವಾರ ಬೆಳಗ್ಗೆ. ಸೊರಬದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕಳೆಯುವ ಹೊತ್ತು, ಬೆಂಗಳೂರಿನಿಂದ ಸಿಂಗಪುರಕ್ಕೆ ಹಾರುವ ನಾಲ್ಕೂವರೆ ಗಂಟೆಗಿಂತ ಬಹಳ ಹೆಚ್ಚು. ಅಣ್ಣ ದಿನಗಳನ್ನು ಎಣಿಸಲೇ ಇಲ್ಲ, ಹೊತ್ತುಗಳನ್ನು ಎಣಿಸಿದ. ಬೆಳಗ್ಗೆ ಒಂದು, ಸಂಜೆ ಒಂದು. ಒಟ್ಟು ಹನ್ನೊಂದು ಹೊತ್ತು ಬೇರೆ ಯಾರೋ ಹಾಲು ಕರೆಯಬೇಕು.

ಸೊರಬ ತಾಲ್ಲೂಕಿನಲ್ಲಿ, ಸಿದ್ದಾಪುರದ ಗಡಿಗೆ ಸಮೀಪದಲ್ಲಿರುವ ಚಂದ್ರಗುತ್ತಿ ಇಂದು ಸಣ್ಣ ಊರು. ಹದಿನಾಲ್ಕನೆಯ ಶತಮಾನದಲ್ಲಿ ಅದು ವಿಜಯನಗರದ ಪ್ರಾಂತವೊಂದರ ರಾಜಧಾನಿ. ಒಂದನೆಯ ಹರಿಹರನ ತಮ್ಮ ಮಾರಪ್ಪ ಇಲ್ಲಿಂದ ಆಳಿದ. ಬೆಟ್ಟದ ಮೇಲೆ ಕೋಟೆಯ ಅವಶೇಷಗಳಿವೆ, ಬೆಟ್ಟದ ಮಗ್ಗುಲಿನ ಗುಹೆಯಲ್ಲಿ ರೇಣುಕಾಂಬೆ ಇದ್ದಾಳೆ. ಹೊರಗಿನವರಿಗೆ ಈ ಊರಿನ ಹೆಸರು ಕೇಳಿದೊಡನೆ ನೆನಪಾಗುವುದು 1986ರ ಮಾರ್ಚ್ ತಿಂಗಳ ಜಾತ್ರೆ, ಬೆತ್ತಲೆ ಸೇವೆಯನ್ನು ಕುರಿತ ಸಂಘರ್ಷ, ಅನಂತರ ಬಂದ ನಿಷೇಧ. ನಮಗೆ ಜಾತ್ರೆಯೆಂದರೆ ಮನೆತುಂಬ ನೆಂಟರು. ಸುತ್ತಲಿನ ಹತ್ತಾರು ಊರುಗಳ ಕುಟುಂಬಗಳು ಗಾಡಿ ಕಟ್ಟಿಕೊಂಡು ಬಂದು, ಮೂರು ದಿನ ತಂಗಿ, ಹರಕೆ ತೀರಿಸಿ, ಬಳೆ ಬೆಂಡು ಬತ್ತಾಸು ಕೊಂಡು ಹೋಗುತ್ತಿದ್ದರು. ಮಗಳು ಹೇಳುವ ‘ಬ್ರೇಕ್’ ಅಂದಿನವರಿಗೆ ಅದೇ ಆಗಿತ್ತು. ಆದರೆ ನಾವು ಜಾತ್ರೆಯ ಊರಿನವರು. ಜಾತ್ರೆಗೆ ಹೋದವರಲ್ಲ, ಜಾತ್ರೆಗೆ ಬಂದವರಿಗೆ ಬಡಿಸಿದವರು. ನನ್ನ ತಾಯಿ ಆ ಮೂರು ದಿನವೂ ಒಲೆಯ ಮುಂದಿನಿಂದ ಎದ್ದುದನ್ನು ನಾನು ಕಂಡಿಲ್ಲ. ಅವರ ನಂತರ ಆ ಜಾಗಕ್ಕೆ ಅತ್ತಿಗೆ ಬಂದರು.

ಅತ್ತಿಗೆ ನಮ್ಮ ಮನೆ ಸೇರಿದ್ದು 1977ರಲ್ಲಿ. ಪ್ರವಾಸದ ಮಾತು ಬಂದಾಗ ಅವರೇ ನೆನಪಿಸಿಕೊಂಡು ಹೇಳಿದಂತೆ, ಅಲ್ಲಿಂದೀಚೆಗೆ ಗಂಡಹೆಂಡಿರಿಬ್ಬರೂ ಒಟ್ಟಿಗೆ ಮನೆಯ ಹೊರಗೆ ರಾತ್ರಿ ಕಳೆದದ್ದು ಎರಡೇ ಸಲ. ಒಂದು, ಮದುವೆಯಾದ ಹೊಸತರಲ್ಲಿ ಧರ್ಮಸ್ಥಳಕ್ಕೆ ಹೋದಾಗ. ಇನ್ನೊಂದು, 2009ರಲ್ಲಿ ಅಣ್ಣನ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿ. ಉಳಿದಂತೆ ಮದುವೆಗೆ ಒಬ್ಬರು, ಗೃಹಪ್ರವೇಶಕ್ಕೆ ಒಬ್ಬರು, ಸಾವಿನ ಮನೆಗೆ ಒಬ್ಬರು. ಬೆಂಗಳೂರಿನ ನಮ್ಮ ಮನೆಗೆ ಅಣ್ಣ ಬಂದಿದ್ದಾನೆ, ಅತ್ತಿಗೆಯೂ ಬಂದಿದ್ದಾರೆ. ಇಬ್ಬರೂ ಒಮ್ಮೆಯೂ ಜೊತೆಯಾಗಿ ಬಂದಿರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಇದನ್ನು ಗಮನಿಸಿಯೇ ಇರಲಿಲ್ಲವೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಪಾಸ್‌ಪೋರ್ಟ್ ಮಾಡಿಸುವಾಗಲೂ ಹಾಗೆಯೇ ಆಯಿತು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಇಬ್ಬರಿಗೂ ಒಂದೇ ದಿನ ಸಮಯ ಕಾಯ್ದಿರಿಸಲು ಮಗಳು ಹೊರಟರೆ ಅಣ್ಣ ಒಪ್ಪಲಿಲ್ಲ. ಒಂದೇ ಮನೆಯ ಇಬ್ಬರು ಎರಡು ಬೇರೆ ಬೇರೆ ದಿನ ಹುಬ್ಬಳ್ಳಿಗೆ ಹೋಗಿಬಂದರು. ಅತ್ತಿಗೆ ಓದಿದ್ದು ಐದನೆಯ ತರಗತಿಯವರೆಗೆ. ಮೆಟ್ರಿಕ್ ಆಗದವರ ಪಾಸ್‌ಪೋರ್ಟ್‌ಗೆ 1983ರ ವಲಸೆ ಕಾಯಿದೆಯ ತನಿಖೆಯ ಷರತ್ತು ಅಂಟಿಕೊಳ್ಳುತ್ತದೆ. ಐವತ್ತು ದಾಟಿದವರಿಗೆ ಅದು ಇಲ್ಲ. ವಯಸ್ಸಿನಿಂದ ಒಂದು ಉಪಕಾರವಾದರೂ ಆಯಿತೆಂದು ಅತ್ತಿಗೆ ನಕ್ಕರು. ನಮ್ಮ ಹೆಸರಿನ ಮುಂದಿನ ಇನಿಷಿಯಲ್‌ಗಳಿಗೆ ಪಾಸ್‌ಪೋರ್ಟಿನಲ್ಲಿ ಸ್ಥಾನವಿಲ್ಲ, ಬಿಡಿಸಿ ಬರೆಯಬೇಕು. ಅಣ್ಣನ ಹೆಸರಿನ ಮುಂದಿದ್ದ ‘ಸಿ.’ ಬಿಡಿಸಿಕೊಂಡು ‘ಚಂದ್ರಗುತ್ತಿ’ ಆಯಿತು. ಪೊಲೀಸ್ ತನಿಖೆಗೆ ಬಂದಾತ, ಊರನ್ನೇ ಕಟ್ಟಿಕೊಂಡು ಹೊರಟಿರಲ್ಲ ಎಂದನಂತೆ.

ದುಡ್ಡಿನ ಮಾತು ಬಂದಾಗ ನಾನು ಉದಾರಿಯಾಗಲು ಹೋದೆ. ಇಬ್ಬರ ಖರ್ಚೂ ನನ್ನದೆಂದೆ. ಅಣ್ಣನಿಗೆ ಕೋಪ ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ‘ನೀನು ಕೊಡುವುದೇ ಆದರೆ ದುಡ್ಡು ಬೇಡ ಮಾರಾಯ, ಕೊಟ್ಟಿಗೆಯಲ್ಲಿ ನಾಲ್ಕು ದಿನ ಕೊಡು. ಅದು ಈವರೆಗೆ ಯಾರೂ ಕೊಟ್ಟಿಲ್ಲ’ ಎಂದ. ಅನಂತರ ಎರಡು ಕ್ವಿಂಟಲ್ ಕೆಂಪಡಿಕೆಯನ್ನು ಸಾಗರದ ಮಂಡಿಗೆ ಹಾಕಿ ತಮ್ಮಿಬ್ಬರ ಪಾಲನ್ನು ತಾನೇ ಕಟ್ಟಿದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಸರ್ಕಾರಿ ನೌಕರನಿಗೆ ವರ್ಷಕ್ಕೆ ಮೂವತ್ತು ದಿನ ಗಳಿಕೆ ರಜೆ ಜಮೆಯಾಗುತ್ತದೆ. ಸಾಂದರ್ಭಿಕ ರಜೆ, ಸಾರ್ವತ್ರಿಕ ರಜೆ, ಭಾನುವಾರಗಳು ಬೇರೆ. ನಾನು ನಿವೃತ್ತನಾದಾಗ ನಿಯಮದ ಗರಿಷ್ಠ ಮಿತಿಯಾದ 300 ದಿನಗಳ ಗಳಿಕೆ ರಜೆಯನ್ನು ನಗದಾಗಿ ಪಡೆದೆ. ಸಹೋದ್ಯೋಗಿಗಳು ಇದನ್ನು ಶಿಸ್ತಿನ ಲಕ್ಷಣವೆಂದು ಹೊಗಳಿದರು, ನಾನೂ ಹಾಗೆಯೇ ನಂಬಿದ್ದೆ. ಬಳಸದೆ ಉಳಿಸಿ ಮಾರಿದ ಆ ದಿನಗಳಲ್ಲಿ ನಾಲ್ಕನ್ನು ಯಾವ ವರ್ಷವಾದರೂ ಊರಿಗೆ ಕೊಟ್ಟು, ‘ನೀವಿಬ್ಬರೂ ಎಲ್ಲಾದರೂ ಹೋಗಿ ಬನ್ನಿ, ಕೊಟ್ಟಿಗೆ ನಾನು ನೋಡಿಕೊಳ್ಳುತ್ತೇನೆ’ ಎಂದು ಹೇಳಬಹುದಿತ್ತು. ನಾನು ಓದಲೆಂದು ಊರು ಬಿಟ್ಟೆ. ಅಣ್ಣ ಓದು ಬಿಟ್ಟು ಊರಿನಲ್ಲಿ ನಿಂತ. ತಂದೆ ತಾಯಿಯನ್ನು ಕೊನೆಯವರೆಗೆ ನೋಡಿಕೊಂಡವನು ಅವನು. ಜಮೀನಿನಲ್ಲಿ ನನ್ನ ಪಾಲು ಬೇಡವೆಂದು ಬರೆದುಕೊಟ್ಟು ಲೆಕ್ಕ ಚುಕ್ತಾ ಆಯಿತೆಂದು ನಾನು ತಿಳಿದಿದ್ದೆ.

ವಿರಾಮವೆಂಬುದು ಸಿರಿವಂತಿಕೆಯ ಪ್ರದರ್ಶನವೂ ಹೌದೆಂದು ಥಾರ್ಸ್ಟೈನ್ ವೆಬ್ಲೆನ್ 1899ರಲ್ಲಿ ಬರೆದುದನ್ನು ನಮ್ಮ ಎಂ.ಎ. ತರಗತಿಯಲ್ಲಿ ಪಾಠ ಮಾಡಿದ್ದರು. ವಿರಾಮಕ್ಕೆ ಹಣ ಸಾಲದು, ಬದಲಿ ಆಳು ಬೇಕೆಂಬುದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಸಂಬಳಸಹಿತ ರಜೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಡಂಬಡಿಕೆ ಮಾಡಿದ್ದು 1936ರಲ್ಲಿ. ನಮ್ಮ 1948ರ ಕಾರ್ಖಾನೆಗಳ ಕಾಯಿದೆ, ದುಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನದ ರಜೆಯನ್ನು ಕಾರ್ಮಿಕನ ಹಕ್ಕಾಗಿಸಿತು. ಇವೆಲ್ಲ ಮಾಲೀಕನೊಬ್ಬ ಇರುವವರಿಗೆ. ದೇಶದ ದುಡಿಯುವ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ದುಡಿಮೆಯವರು. ರಜೆ ಬೇಕೆಂದು ಅವರು ಅರ್ಜಿ ಕೊಡುವುದು ಯಾರಿಗೆ? ಅಣ್ಣನ ವಿಷಯದಲ್ಲಾದರೆ ಎಮ್ಮೆಗೆ.

ನಾನು ಹುಡುಗನಾಗಿದ್ದ ಕಾಲಕ್ಕೆ ವಿದೇಶ ಪ್ರವಾಸಕ್ಕೆ ಅಡ್ಡಿಯಾಗಿದ್ದುದು ವಿದೇಶಿ ವಿನಿಮಯ. 1960ರ ದಶಕದ ಕೊನೆಯಲ್ಲಿ ಹೊರಟವರು ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ಹೋದ ಕಥೆಗಳನ್ನು ಹಿರಿಯರಿಂದ ಕೇಳಿದ್ದೇವೆ. 2004ರಲ್ಲಿ ರಿಸರ್ವ್ ಬ್ಯಾಂಕು ಉದಾರ ಯೋಜನೆಯೊಂದನ್ನು ತಂದು ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಲು ಅವಕಾಶ ಕೊಟ್ಟಿತು. 2015ರಿಂದ ಆ ಮಿತಿ ಎರಡೂವರೆ ಲಕ್ಷ ಡಾಲರ್. 2023-24ರಲ್ಲಿ ಈ ಯೋಜನೆಯಡಿ ಹೊರಹೋದ ಸುಮಾರು 3,170 ಕೋಟಿ ಡಾಲರಿನಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 1,700 ಕೋಟಿ ಡಾಲರ್, ಪ್ರವಾಸಕ್ಕಾಗಿಯೇ ಹೋಯಿತು. ಡಾಲರಿನ ಅಡ್ಡಿ ಈಗ ನಮ್ಮಂಥವರಿಗೆ ಇಲ್ಲವೆಂದೇ ಹೇಳಬೇಕು. ಉಳಿದಿರುವುದು ಅಣ್ಣನ ಪ್ರಶ್ನೆ.

ಅದನ್ನು ಬಗೆಹರಿಸಿದ್ದು ಪಕ್ಕದ ಮನೆಯಾಕೆ. ಮಲೆನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ನೆಟ್ಟಿಯ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ಇವತ್ತು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮ ಗದ್ದೆಗೆ. ಕೂಲಿಯ ಲೆಕ್ಕವಿಲ್ಲ, ಆಳಿಗೆ ಆಳು. ಯಂತ್ರಗಳು ಬಂದು, ಮನೆಯ ಮಕ್ಕಳು ಪಟ್ಟಣ ಸೇರಿ ಅದು ಬಹುಮಟ್ಟಿಗೆ ಸೊರಗಿದೆ. ಆಕೆ ಅದನ್ನೇ ಕೊಟ್ಟಿಗೆಗೆ ತಂದರು. ಎರಡು ಹಸುಗಳು ಯಾರ ಕೈಗಾದರೂ ಹಾಲು ಕೊಡುತ್ತವೆ. ಎಮ್ಮೆ ಅತ್ತಿಗೆಯ ಕೈಗೆ ಮಾತ್ರ. ಹೊರಡುವ ವಾರಕ್ಕೆ ಮುಂಚಿನಿಂದಲೇ ಆಕೆ ಅತ್ತಿಗೆಯ ಹಳೆಯ ಸೀರೆಯೊಂದನ್ನು ಉಟ್ಟು ಕೊಟ್ಟಿಗೆಗೆ ಬಂದು ಪಕ್ಕದಲ್ಲಿ ನಿಂತರು. ನಾಲ್ಕನೆಯ ದಿನ ಎಮ್ಮೆ ಒಪ್ಪಿತು. ‘ಅದು ಒಪ್ಪಿದ್ದು ಸೀರೆಗೆ, ನನಗಲ್ಲ’ ಎಂದು ಆಕೆ ಹೇಳಿದರಂತೆ.

ಹೀಗೆ 2024ರ ಫೆಬ್ರುವರಿ 22ರ ರಾತ್ರಿ ನಾವು ಐವರು, ಅಂದರೆ ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ ಮತ್ತು ಮಗಳು, ಬೆಂಗಳೂರಿನಲ್ಲಿ ವಿಮಾನ ಹತ್ತಿದೆವು. ಅಡಿಕೆ ಕೊಯ್ಲು ಮುಗಿದಿತ್ತು, ಜಾತ್ರೆಗೆ ಇನ್ನೂ ದಿನವಿತ್ತು. ಅಣ್ಣನ ಎಲೆಅಡಿಕೆಯ ಸಂಚಿ ಊರಿನಲ್ಲೇ ಉಳಿಯಿತು; ಜಗಿಯುವ ತಂಬಾಕನ್ನು ಸಿಂಗಪುರದೊಳಕ್ಕೆ ತರುವಂತಿಲ್ಲ. ಮೂರು ದಿನ ಅವನು ಲವಂಗ ಜಗಿದ.

ಸಿಂಗಪುರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್, ನಮ್ಮ ಸೊರಬ ತಾಲ್ಲೂಕಿಗಿಂತಲೂ ಕಿರಿದು. ಅಷ್ಟರಲ್ಲಿ ಹತ್ತಿರ ಹತ್ತಿರ ಅರವತ್ತು ಲಕ್ಷ ಜನ. ಅಲ್ಲಿನ ಶುಚಿತ್ವ, ರೈಲು, ಎತ್ತರದ ಕಟ್ಟಡಗಳ ವರ್ಣನೆ ಈ ಪುಟದಲ್ಲಿ ಸಾಕಷ್ಟು ಬಾರಿ ಬಂದಿದೆ; ನಾನು ಅದನ್ನು ಮತ್ತೆ ಮಾಡುವುದಿಲ್ಲ. ಸಣ್ಣ ಸಂಗತಿಯೊಂದನ್ನು ಹೇಳುತ್ತೇನೆ. 1982ರ ಜನವರಿ 1ರಂದು ಸಿಂಗಪುರ, ಮಲೇಷ್ಯಾದ ಜೊತೆ ಹೊಂದಿಕೊಳ್ಳಲೆಂದು ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿತು. ಆದ್ದರಿಂದ ಅಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆಯ ಮೇಲೆ, ನಮಗೂ ಅವರಿಗೂ ಎರಡೂವರೆ ಗಂಟೆಯ ಅಂತರ. ಊರಿನಲ್ಲಿ ಅತ್ತಿಗೆ ಏಳುವುದು ನಾಲ್ಕೂವರೆಗೆ. ಶನಿವಾರ ಎಂದಿನಂತೆ ಎಚ್ಚರವಾಗಿ ಗೋಡೆಯ ಗಡಿಯಾರ ನೋಡಿದರೆ ಏಳು! ಇಷ್ಟು ಹೊತ್ತು ಮಲಗಿಬಿಟ್ಟೆನಲ್ಲ ಎಂದು ಗಾಬರಿಯಿಂದ ಎದ್ದು ಕೂತರಂತೆ. ಮಗಳು ಲೆಕ್ಕ ಬಿಡಿಸಿ ಹೇಳಿದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಮಾಡಲು ಏನೂ ಇಲ್ಲದೆ, ಬೆಳಗಾಗುವುದನ್ನು ನೋಡುತ್ತ ಕೂತರು. ‘ಬೆಳಗಾಗುವುದನ್ನು ಸುಮ್ಮನೆ ಕೂತು ನೋಡಿದ್ದು ಇದೇ ಮೊದಲು ಕಣೋ’ ಎಂದು ನನಗೆ ಹೇಳಿದರು.

ಅದೇ ಹೊತ್ತಿಗೆ ಅಣ್ಣ ಹೋಟೆಲಿನ ವೈಫೈ ಹಿಡಿದು ಊರಿಗೆ ಫೋನ್ ಹಚ್ಚಿದ್ದ. ಎಮ್ಮೆ ಶುಕ್ರವಾರ ಸಂಜೆ ಅರ್ಧ ಲೀಟರ್ ಕಡಿಮೆ ಕೊಟ್ಟಿತ್ತು. ಆ ಅರ್ಧ ಲೀಟರಿನ ಚರ್ಚೆ ಸೆರಂಗೂನ್ ರಸ್ತೆಯ ಕೋಮಲ ವಿಲಾಸದಲ್ಲಿ ದೋಸೆ ತಿನ್ನುವಾಗಲೂ ಮುಂದುವರಿಯಿತು.

ಸಸ್ಯೋದ್ಯಾನದಲ್ಲಿ ಅಣ್ಣ ನಮ್ಮೆಲ್ಲರನ್ನೂ ಮರೆತ. 1859ರಲ್ಲಿ ಆರಂಭವಾಗಿ, 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ತೋಟದ ಲಾಂಛನವೇ ಒಂದು ತಾಳೆ ಜಾತಿಯ ಗಿಡ. ಅದರ ಎಲೆಯ ಬುಡವೆಲ್ಲ ಕುಂಕುಮ ಬಳಿದಂತೆ ಕೆಂಪು. ಅಣ್ಣ ಅದರ ಕಾಂಡವನ್ನು ತಟ್ಟಿ ನೋಡಿದ, ಬುಡದಲ್ಲಿ ನೀರು ನಿಂತಿದೆಯೇ ಎಂದು ಬಾಗಿ ನೋಡಿದ. ವರ್ಷವಿಡೀ ಮಳೆ ಬೀಳುವ ಊರು, ಇದಕ್ಕೆ ಕೊಳೆರೋಗ ಬರುವುದಿಲ್ಲವೇ ಎಂಬುದು ಅವನ ಚಿಂತೆ. ಅಲ್ಲಿದ್ದ ತೋಟದ ಕೆಲಸಗಾರನನ್ನು ಕನ್ನಡದಲ್ಲೇ ಕೇಳಿದ. ಆತ ಏನೋ ಉತ್ತರಿಸಿದ. ಇಬ್ಬರೂ ಮರದ ತುದಿಯತ್ತ ಕೈ ತೋರಿಸುತ್ತ ಹತ್ತು ನಿಮಿಷ ಮಾತನಾಡಿದರು. ಬರುವಾಗ ಅಣ್ಣ ಹೇಳಿದ: ‘ಔಷಧಿ ಹೊಡೆಯುತ್ತಾರಂತೆ.’

ಶನಿವಾರ ನಮಗೆ ಭಾರತ ಹುಣ್ಣಿಮೆ, ಚೀನೀಯರಿಗೆ ಹೊಸ ವರ್ಷದ ಹದಿನೈದನೆಯ ದಿನ. ಚೈನಾಟೌನಿನ ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಮಾರಿಯಮ್ಮನ ಗುಡಿಯಿದೆ. ರಾಫಲ್ಸ್ ಜೊತೆ 1819ರಲ್ಲಿ ಪೆನಾಂಗಿನಿಂದ ಬಂದ ನಾರಾಯಣ ಪಿಳ್ಳೆ 1827ರಲ್ಲಿ ಸ್ಥಾಪಿಸಿದ್ದು. ಆ ನಗರದ ಅತಿ ಹಳೆಯ ಹಿಂದೂ ದೇವಾಲಯ. ದಕ್ಷಿಣದ ಜನಪದ ನಂಬಿಕೆಯಲ್ಲಿ ಮಾರಿಯಮ್ಮನೂ ರೇಣುಕೆಯೂ ಬೇರೆಯಲ್ಲ. ಮಗನ ಕೊಡಲಿಗೆ ಹೆದರಿ ಓಡಿಬಂದ ರೇಣುಕೆ ನಮ್ಮ ಬೆಟ್ಟದ ಗುಹೆಯಲ್ಲಿ ಸೇರಿಕೊಂಡಳೆಂದು ಚಂದ್ರಗುತ್ತಿಯ ಪ್ರತೀತಿ. ಅತ್ತಿಗೆ ಕೈಮುಗಿದು ನಿಂತು, ‘ಇವಳು ಇಷ್ಟು ದೂರ ಬಂದಾಗ ಅಲ್ಲಿ ಯಾರನ್ನು ಬಿಟ್ಟು ಬಂದಳೋ’ ಎಂದರು. ಅದು ದೇವಿಯ ಮಾತೋ ಎಮ್ಮೆಯ ಮಾತೋ ನನಗೆ ಸ್ಪಷ್ಟವಾಗಲಿಲ್ಲ.

ಭಾನುವಾರ ಮಧ್ಯಾಹ್ನ ಆರ್ಚರ್ಡ್ ರಸ್ತೆಯಲ್ಲಿ ಕಂಡದ್ದು ಮಾತ್ರ ಯಾವ ಪ್ರವಾಸಿ ಕೈಪಿಡಿಗೂ ಬೇಕಾಗದ ದೃಶ್ಯ. ದೊಡ್ಡ ಮಳಿಗೆಗಳ ಮುಂದಿನ ಮೆಟ್ಟಿಲುಗಳ ಮೇಲೆ, ಮರದ ನೆರಳಿನಲ್ಲಿ ನೂರಾರು ಹೆಂಗಸರು ಚಾಪೆ ಹಾಸಿ ಕೂತಿದ್ದರು. ಡಬ್ಬಿ ಬಿಚ್ಚಿ ಹಂಚಿಕೊಂಡು ಉಣ್ಣುವವರು, ಒಬ್ಬರಿಗೊಬ್ಬರು ತಲೆ ಬಾಚುವವರು, ಊರಿನ ಮಕ್ಕಳೊಂದಿಗೆ ಫೋನಿನಲ್ಲಿ ಮಾತನಾಡುವವರು. ಫಿಲಿಪ್ಪೀನ್ಸ್‌ನಂಥ ದೇಶಗಳಿಂದ ಬಂದು ಅಲ್ಲಿನ ಮನೆಗಳಲ್ಲೇ ಉಳಿದು ಮನೆಗೆಲಸ ಮಾಡುವವರು ಅವರು. ವಾರಕ್ಕೊಂದು ದಿನ ಬಿಡುವೆಂಬ ನಿಯಮ ಅವರಿಗೆ ಬಂದದ್ದು 2013ರಲ್ಲಿ. ಅದನ್ನೂ ಹಣ ಕೊಟ್ಟು ಕೊಂಡುಕೊಳ್ಳಲು ಯಜಮಾನರಿಗೆ ಅವಕಾಶವಿತ್ತು. ತಿಂಗಳಿಗೆ ಒಂದು ದಿನವನ್ನಾದರೂ ಹಣಕ್ಕೆ ಮಾರುವಂತಿಲ್ಲ, ಬಿಡಲೇಬೇಕು ಎಂಬ ನಿಯಮ ಜಾರಿಯಾದದ್ದು 2023ರ ಜನವರಿಯಲ್ಲಿ. 300 ದಿನಗಳನ್ನು ಮಾರಿಕೊಂಡಿದ್ದ ನಾನು ಅದನ್ನು ಮಗಳಿಗೆ ವಿವರಿಸುವಾಗ ದನಿ ತಗ್ಗಿಸಿದೆ. ಅತ್ತಿಗೆ ಬಹಳ ಹೊತ್ತು ಆ ಹೆಂಗಸರನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: ‘ಇವರು ಕೆಲಸ ಮಾಡುವ ಮನೆಯಲ್ಲಿ ಇವತ್ತು ಅಡುಗೆ ಮಾಡಿದವರು ಯಾರು?’

ನನಗೆ ಅಧಿಕಾರಿಯ ಚಟ ಬಿಟ್ಟಿಲ್ಲ. ಹಿಂದಿರುಗಿದ ಮೇಲೆ ಬೇರೆ ದೇಶಗಳಲ್ಲಿ ಇದಕ್ಕೇನು ಮಾಡಿದ್ದಾರೆಂದು ಹುಡುಕಿ ಓದಿದೆ. ಫಿನ್ಲೆಂಡಿನಲ್ಲಿ 1974ರಿಂದ ರೈತರ ರಜೆಗೇ ಒಂದು ಕಾನೂನಿದೆ. ಜಾನುವಾರು ಸಾಕುವ ರೈತನಿಗೆ ವರ್ಷಕ್ಕೆ 26 ದಿನ ರಜೆ. ಆ ದಿನಗಳಲ್ಲಿ ಹಾಲು ಕರೆಯಲು ತರಬೇತಿ ಪಡೆದ ಬದಲಿ ಕೆಲಸಗಾರನನ್ನು ಸ್ಥಳೀಯ ಆಡಳಿತ ಒದಗಿಸುತ್ತದೆ. ಅಷ್ಟು ಶ್ರೀಮಂತ ದೇಶದ ವ್ಯವಸ್ಥೆಯನ್ನು ಇಲ್ಲಿಗೆ ಹಾಗೆಯೇ ತರಲಾಗದೆಂದು ನನಗೆ ಗೊತ್ತು. ಆದರೆ ಹಾಲಿನ ಸಹಕಾರ ಸಂಘವಿಲ್ಲದ ದೊಡ್ಡ ಹಳ್ಳಿ ಕರ್ನಾಟಕದಲ್ಲಿ ವಿರಳ. ಬೆಳಗ್ಗೆ ಸಂಜೆ ಹಾಲು ಅಳೆಯುವ, ಯಾರ ಮನೆಯಲ್ಲಿ ಯಾವ ಹಸು ಕರೆಯುತ್ತದೆಂದು ಬಲ್ಲ ಸಂಘವದು. ಕೃತಕ ಗರ್ಭಧಾರಣೆಗೆ ಆಳು ಕಳಿಸಬಲ್ಲ ಒಕ್ಕೂಟ, ಮಗಳ ಮದುವೆಗೋ ತೀರ್ಥಯಾತ್ರೆಗೋ ಹೊರಟ ಸದಸ್ಯರ ಮನೆಗೆ ನಾಲ್ಕು ದಿನ ಹಾಲು ಕರೆಯುವವರೊಬ್ಬರನ್ನು ಕಳಿಸಲಾರದೇ? ಲೀಟರಿಗೆ ಇಷ್ಟೆಂದು ಪ್ರೋತ್ಸಾಹಧನ ಕೊಡುವ ಸರ್ಕಾರ ಅದರ ಒಂದಂಶವನ್ನು ಇದಕ್ಕೆ ಮೀಸಲಿಟ್ಟರೆ ಊರಿಗೊಬ್ಬ ಯುವಕನಿಗೋ ಯುವತಿಗೋ ಕೆಲಸವೂ ಆದೀತು. ಅಣ್ಣನಿಗೆ ಇದನ್ನು ಹೇಳಿದೆ. ‘ಆ ಹುಡುಗನಿಗೆ ನಿನ್ನ ಅತ್ತಿಗೆ ಸೀರೆ ಉಡಿಸುತ್ತೀಯೇನು?’ ಎಂದ.

ಮರುವರ್ಷ ಪಕ್ಕದ ಮನೆಯ ದಂಪತಿ ಕಾಶಿಗೆ ಹೊರಟರು. ಹತ್ತು ದಿನ, ಇಪ್ಪತ್ತು ಹೊತ್ತು. ಈ ಸಲ ಆಕೆಯ ಸೀರೆ ಉಟ್ಟು ಆಚೆಯ ಕೊಟ್ಟಿಗೆಗೆ ನಡೆದವರು ನಮ್ಮ ಅತ್ತಿಗೆ. ನಾನೂ ಬೆಂಗಳೂರಿನಿಂದ ಹೋಗಿ ಅಷ್ಟೂ ದಿನ ಊರಿನಲ್ಲಿದ್ದೆ. ಹಾಲು ಕರೆಯಲು ಕೂತರೆ ಎರಡು ಮನೆಯ ಎಮ್ಮೆಗಳೂ ನನ್ನನ್ನು ಹತ್ತಿರ ಸೇರಿಸಲಿಲ್ಲ. ಸಗಣಿ ಬಾಚುವುದು, ಹುಲ್ಲು ಹಾಕುವುದು, ಡೇರಿಗೆ ಕ್ಯಾನು ಹೊರುವುದು ನನ್ನ ಪಾಲಿಗೆ ಬಂತು. ಮೂರನೆಯ ದಿನ ಸೊಂಟ ಹಿಡಿಯಿತು. ಅಣ್ಣ ಎಣ್ಣೆ ಬಿಸಿ ಮಾಡಿ ಕೊಟ್ಟ, ರಜೆ ಕೊಡಲಿಲ್ಲ.

ಕಾಶಿಗೆ ಹೋದವರು ಬಂದ ರಾತ್ರಿ ಅಣ್ಣ ಅಡಿಕೆಯ ಲೆಕ್ಕದ ಪುಸ್ತಕ ತೆಗೆದ. ಹಿಂದಿನ ಫೆಬ್ರುವರಿಯ ಪುಟದಲ್ಲಿ ‘ಕೊಡಬೇಕಾದ್ದು 11 ಹೊತ್ತು’ ಎಂದು ಬರೆದಿಟ್ಟಿದ್ದ. ಅದನ್ನು ಹೊಡೆದುಹಾಕಿ ಕೆಳಗೆ ‘ಬರಬೇಕಾದ್ದು 9’ ಎಂದು ಬರೆದ. ಅತ್ತಿಗೆ ಅವನ ಹೆಗಲ ಮೇಲಿಂದ ಬಗ್ಗಿ ಓದಿ, ನನ್ನ ಕಡೆ ತಿರುಗಿ ಕೇಳಿದರು: ‘ಒಂಬತ್ತು ಹೊತ್ತಿನಲ್ಲಿ ಎಲ್ಲಿಯವರೆಗೆ ಹೋಗಿ ಬರಬಹುದೋ?’